ಕಾರಿನ ಮಾಸಿದ ಕಪ್ಪಿಗೆ ಎಣ್ಣೆಯೋ, ಡೈಯೋ, ಕೋಟಿಂಗೋ, ಪೇಂಟೋ? ಕಲಬುರಗಿ ಬಿಸಿಲಲ್ಲಿ ಹಚ್ಚಿ ನೋಡಿದ್ದು

ನಮ್ಮ ಮನೆಯ ಕಾರು 2009ರದು. ಅಪ್ಪ ಕೊಂಡಿದ್ದು, ಬೇಸ್ ಮಾಡೆಲ್. ಅಂದರೆ ಬಂಪರ್, ಕನ್ನಡಿ, ಬಾಗಿಲ ಹಿಡಿಕೆ ಎಲ್ಲವೂ ಬಣ್ಣ ಹೊಡೆಯದ ಕಪ್ಪು ಪ್ಲಾಸ್ಟಿಕ್. ಎಂಜಿನ್ ಚೆನ್ನಾಗಿದೆ. ಬಾಡಿ ಬಣ್ಣ ಒಂದು ಪಾಲಿಶ್ ಕೊಟ್ಟರೆ ಇವತ್ತಿಗೂ ಹೊಳೆಯುತ್ತದೆ. ಆದರೂ ಗಾಡಿ ನೋಡಿದವರು ಮೊದಲು ಹೇಳುತ್ತಿದ್ದ ಮಾತು ‘ಭಾಳ ಹಳೇದಾಗ್ಯದಲ್ರಿ’ ಅಂತ. ಅವರ ಕಣ್ಣಿಗೆ ಬೀಳುತ್ತಿದ್ದದ್ದು ಬೂದಿ ಬಳಿದಂತಾಗಿದ್ದ ಆ ಬಂಪರ್.

ನಮ್ಮ ಊರಲ್ಲಿ ಇದು ಎಲ್ಲರ ಮನೆಯ ಕಥೆ. ಸೇಡಂ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿ, ಕೆಎ 32 ನಂಬರಿನ ಹಳೇ ಗಾಡಿಗಳಲ್ಲಿ ಅರ್ಧಕ್ಕರ್ಧ ಇದೇ ಸ್ಥಿತಿಯಲ್ಲಿರುತ್ತವೆ. ಚಕ್ರದ ಮೇಲಿನ ಕಮಾನು, ಸೈಡ್ ಮೋಲ್ಡಿಂಗ್, ವೈಪರ್ ಕೆಳಗಿನ ಜಾಲರಿ, ಎಲ್ಲ ಬೂದು. ಅಂಗಡಿಗೆ ಹೋಗಿ ‘ಕಪ್ಪು ಮಾಡೋದು ಕೊಡ್ರಿ’ ಅಂದರೆ ಒಂದು ಡಬ್ಬಿ ಕೊಡುತ್ತಾರೆ. ಹಚ್ಚುತ್ತೀರಿ, ಆ ಭಾನುವಾರ ಶೋರೂಮ್‌ನಿಂದ ಬಂದಂತೆ ಕಾಣುತ್ತದೆ, ಮುಂದಿನ ಭಾನುವಾರ ಮತ್ತೆ ಬೂದು.

ನಾನು ಹೀಗೆ ಮೂರು ವರ್ಷ ಡಬ್ಬಿ ತಂದೆ. ಆಮೇಲೆ ಒಂದು ಜನವರಿಯಲ್ಲಿ ಕೂತು ಸರಿಯಾಗಿ ಪರೀಕ್ಷೆ ಮಾಡಿದೆ. ಹಿಂದಿನ ಬಂಪರಿಗೆ ಪೇಂಟರ್ ಟೇಪ್ ಅಂಟಿಸಿ ನಾಲ್ಕು ಪಾಲು ಮಾಡಿದೆ. ಒಂದಕ್ಕೆ ಸಿಲಿಕೋನ್ ಪಾಲಿಶ್, ಒಂದಕ್ಕೆ ಕಪ್ಪು ಡೈ, ಒಂದಕ್ಕೆ ಸೆರಾಮಿಕ್ ಕೋಟಿಂಗ್. ನಾಲ್ಕನೆಯದನ್ನು ಸುಮ್ನೆ ತೊಳೆದು ಬಿಟ್ಟೆ. ಬೇಸಿಗೆಯೂ ಮಳೆಗಾಲವೂ ಮುಗಿಯುವವರೆಗೆ ಹಾಗೇ ಓಡಿಸಿದೆ. ಕೆಳಗೆ ಹೇಳುವುದು ಆ ಬಂಪರ್ ಕಲಿಸಿದ್ದು, ಜೊತೆಗೆ ಪೇಂಟಿಂಗ್ ಗೊತ್ತಿರುವ ಗೆಳೆಯನಿಂದ ತಿಳಿದಿದ್ದು.

ಮೊದಲು ಯಾವ ಕಪ್ಪು ಅಂತ ನೋಡಿ

ಯಾವ ಡಬ್ಬಿ ಒಳ್ಳೇದು ಅಂತ ಕೇಳುವ ಮುಂಚೆ ಗಾಡಿಯನ್ನು ಒಂದು ಸುತ್ತು ಹಾಕಿ. ಕಪ್ಪಾಗಿ ಕಾಣುವುದೆಲ್ಲ ಒಂದೇ ವಸ್ತು ಅಲ್ಲ. ಬಂಪರ್, ಚಕ್ರದ ಕಮಾನು, ವೈಪರ್ ಕೆಳಗಿನ ಜಾಲರಿ ಇವು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಮೇಲ್ಮೈ ತರಿತರಿ, ಚರ್ಮದ ಹಾಗೆ. ಬಾಗಿಲ ಸುತ್ತ, ಗಾಜಿನ ಸುತ್ತ ಇರುವ ಬೀಡಿಂಗ್ ರಬ್ಬರ್. ವೈಪರ್ ತೋಳು ಮತ್ತು ಕೆಲವು ಗಾಡಿಗಳ ಕಿಟಕಿ ಚೌಕಟ್ಟು ಕಬ್ಬಿಣ, ಅದರ ಮೇಲೆ ಕಪ್ಪು ಪೇಂಟ್. ಇನ್ನು ಕೆಲವು ಗಾಡಿಗಳ ಬಾಗಿಲುಗಳ ನಡುವಿನ ಕಂಬಕ್ಕೆ ಕಪ್ಪು ಸ್ಟಿಕ್ಕರ್ ಅಂಟಿಸಿರುತ್ತಾರೆ.

ನಾಲ್ಕೂ ಬೂದು ಆಗುತ್ತವೆ, ಆದರೆ ನಾಲ್ಕಕ್ಕೂ ಔಷಧ ಬೇರೆ. ಸುಲಿದ ಪೇಂಟಿಗೆ ಎಣ್ಣೆ ಹಚ್ಚಿದರೆ ಏನೂ ಆಗಲ್ಲ. ರಬ್ಬರಿಗೆ ಪೇಂಟ್ ಹೊಡೆದರೆ ಮೊದಲ ಸಲ ಬಾಗಿಲು ಮುಚ್ಚಿದಾಗಲೇ ಬಿರುಕು ಬಿಡುತ್ತದೆ. ನಾನು ಮೂರು ವರ್ಷ ಮಾಡಿದ ತಪ್ಪು ಇದೇ, ಎಲ್ಲಕ್ಕೂ ಒಂದೇ ಡಬ್ಬಿ.

ಯಾವ ಪ್ಲಾಸ್ಟಿಕ್ ಅಂತ ಅನುಮಾನ ಇದ್ದರೆ ಬಿಡಿಭಾಗದ ಹಿಂಬದಿ ನೋಡಿ. ತುಂಬಾ ಭಾಗಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಇರುತ್ತದೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್. ಇಪಿಡಿಎಮ್ ಅಂದರೆ ಅದರಲ್ಲಿ ರಬ್ಬರ್ ಬೆರೆಸಿದ್ದಾರೆ. ಟಿಡಿ20 ಅಂತ ಇದ್ದರೆ ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಸೇರಿದೆ. ಮುಖಕ್ಕೆ ಹಚ್ಚುವ ಪೌಡರಿನ ಅದೇ ಖನಿಜ. ಇದನ್ನು ನೆನಪಿಡಿ, ಬಿಳುಪಿನ ಗುಟ್ಟು ಅರ್ಧ ಇದರಲ್ಲೇ ಇದೆ.

ಕಪ್ಪು ಎಲ್ಲಿಗೆ ಹೋಗುತ್ತದೆ?

ಬಣ್ಣ ಹಾರಿಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಕಪ್ಪು ಎಲ್ಲಿಗೂ ಹೋಗಿರುವುದಿಲ್ಲ. ಈ ಪ್ಲಾಸ್ಟಿಕ್ಕಿಗೆ ಕಪ್ಪು ಕೊಡುವುದು ಕಾರ್ಬನ್ ಬ್ಲ್ಯಾಕ್, ಅಂದರೆ ಒಂದು ಥರದ ಕಾಡಿಗೆ ಮಸಿ. ಅದು ಬಿಸಿಲಿಗೆ ಜಗ್ಗುವುದಿಲ್ಲ. ಹಾಳಾಗುವುದು ಅದನ್ನು ಹಿಡಿದಿಟ್ಟ ಪ್ಲಾಸ್ಟಿಕ್. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಮೇಲ್ಪದರದ ಉದ್ದುದ್ದ ಅಣುಸರಪಳಿಗಳನ್ನು ಕತ್ತರಿಸುತ್ತದೆ. ಕಣ್ಣಿಗೆ ಕಾಣದ ಬಿರುಕು ಏಳುತ್ತವೆ, ಒಳಗಿನ ಟಾಲ್ಕ್ ಪುಡಿ ಹೊರಗೆ ಬರುತ್ತದೆ. ಬಿರುಕು ಬಿದ್ದ ಆ ಮೇಲ್ಮೈ ಮೇಲೆ ಬೆಳಕು ಚದುರಿ ನಮಗೆ ಬೂದು ಕಾಣುತ್ತದೆ. ಎರೆಮಣ್ಣು ಒದ್ದೆ ಇದ್ದಾಗ ಕಡುಗಪ್ಪು, ಒಣಗಿ ಬಿರಿದಾಗ ಬೂದು, ಅಲ್ವಾ? ಹೆಚ್ಚುಕಡಿಮೆ ಅದೇ ಆಟ ಇಲ್ಲೂ ನಡೆಯುತ್ತದೆ.

ಇದಕ್ಕೆ ಸೆಖೆಗಿಂತ ಕಿರಣವೇ ಮುಖ್ಯ. ಬೀದರ್ ಎತ್ತರದಲ್ಲಿದೆ, ನಮಗಿಂತ ತಂಪು, ಆದರೆ ಕೆಎ 38 ಗಾಡಿಗಳ ಬಂಪರ್ ಕಪ್ಪಗೆ ಉಳಿದಿರುತ್ತದೆ ಅಂತ ಅಂದುಕೊಳ್ಳಬೇಡಿ. ಅಲ್ಲಿಯೂ ಅದೇ ಬೂದು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು ಬೇರೆ ಸೇರುತ್ತದೆ. ಅದು ಕೆಲಸ ಇನ್ನೂ ಬೇಗ ಮುಗಿಸುತ್ತದೆ.

ಒದ್ದೆ ಬಟ್ಟೆಯ ಪರೀಕ್ಷೆ

ದುಡ್ಡು ಖರ್ಚು ಮಾಡುವ ಮುಂಚೆ ಇದನ್ನು ಮಾಡಿ. ಬಂಪರನ್ನು ಸೋಪಿನಿಂದ ತೊಳೆದು ಒಣಗಿಸಿ. ಆಮೇಲೆ ಒಂದು ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ.

ಒದ್ದೆ ಇದ್ದಾಗ ಪೂರ್ತಿ ಕಪ್ಪಾದರೆ ಬಿರುಕು ಸಣ್ಣವು, ಒಳಗೆ ಕಪ್ಪು ಗಟ್ಟಿ ಇದೆ. ಆ ಬಿರುಕುಗಳನ್ನು ತುಂಬಿ ಅಲ್ಲೇ ನಿಲ್ಲುವ ಯಾವುದೇ ಕೋಟಿಂಗ್ ಸಾಕು. ಒದ್ದೆ ಮಾಡಿದರೂ ಬೂದು ಬೂದಾಗಿಯೇ ಉಳಿದರೆ, ಇಲ್ಲವೇ ಬೆರಳಿಗೆ ಬಿಳಿ ಪುಡಿ ಅಂಟಿದರೆ ಮೇಲ್ಪದರ ಸತ್ತಿದೆ ಅಂತ ಅರ್ಥ. ಅಲ್ಲಿ ಪಾರದರ್ಶಕ ಕೋಟಿಂಗ್ ಹಚ್ಚಿದರೆ ಆ ಬೂದಿಯನ್ನೇ ಒಳಗಿಟ್ಟು ಮುಚ್ಚಿದ ಹಾಗಾಗುತ್ತದೆ. ಡೈ ಬೇಕು, ಅಥವಾ ಪೇಂಟ್. ನಮ್ಮ ಗಾಡಿಯಲ್ಲಿ ಬಂಪರಿನ ನೇರ ಮುಖ ಒದ್ದೆ ಮಾಡಿದಾಗ ಕಪ್ಪಾಯಿತು. ಆಕಾಶಕ್ಕೆ ಮುಖ ಮಾಡಿದ ಮೇಲಿನ ಅಂಚು ಆಗಲಿಲ್ಲ. ಒಂದೇ ಬಂಪರ್, ಎರಡು ಉತ್ತರ.

ತೊಳೆಯುವುದು: ಇಲ್ಲೇ ಜಾಸ್ತಿ ಜನ ಸೋಲುವುದು

ಯಾವ ದಾರಿ ಹಿಡಿದರೂ ಅರ್ಧಕ್ಕಿಂತ ಜಾಸ್ತಿ ಕೆಲಸ ತೊಳೆಯುವುದರಲ್ಲೇ ಇದೆ. ಹಳೇ ಸಿಲಿಕೋನ್, ಮೇಣ, ಎರೆಮಣ್ಣಿನ ಧೂಳು, ವಾಡಿ-ಸೇಡಂ ಕಡೆ ಓಡಾಡುವವರಿಗೆ ಸಿಮೆಂಟ್ ಧೂಳು, ಎಲ್ಲ ತರಿಗಳ ಒಳಗೆ ಕೂತಿರುತ್ತವೆ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಬಿಸಿನೀರಲ್ಲಿ ಹಾಕಿ, ಉಗುರು ತಿಕ್ಕುವ ಬ್ರಷ್‌ನಿಂದ ಗುಂಡಗೆ ಸುತ್ತಿಸುತ್ತಾ ತಿಕ್ಕಿ. ನೊರೆ ಮೊದಲ ಸಲ ಕಂದು ಬಣ್ಣದ್ದು ಬರುತ್ತದೆ. ಬೆಳ್ಳಗೆ ಬರುವವರೆಗೆ ಬಿಡಬೇಡಿ. ನನಗೆ ನಾಲ್ಕು ಸಲ ಬೇಕಾಯಿತು.

ಬೋರ್‌ವೆಲ್ ನೀರಿನ ಕಲೆ ಇನ್ನೊಂದು ತಲೆನೋವು. ನಮ್ಮದು ಸುಣ್ಣಕಲ್ಲಿನ ನೆಲ, ನೀರು ಗಡಸು. ತೊಳೆದು ಒರೆಸದೆ ಬಿಟ್ಟರೆ ನೀರು ಆರಿ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ಅದನ್ನು ನೋಡಿ ಪ್ಲಾಸ್ಟಿಕ್ ಮಾಸಿದೆ ಅಂತ ಅಂದುಕೊಂಡವರು ತುಂಬಾ ಜನ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಎರಡು ನಿಮಿಷ ಇಟ್ಟು ತೊಳೆದರೆ ಸುಣ್ಣ ಕರಗುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಅಂಗಳದಲ್ಲಿ ಶಹಾಬಾದ್ ಪರಸಿ ಹಾಸಿದ್ದರೆ ಗಾಡಿ ಹೊರಗೆ ತೆಗೆದು ಮಾಡಿ. ಆ ಕಲ್ಲೂ ಸುಣ್ಣಕಲ್ಲೇ, ವಿನೆಗರ್ ಬಿದ್ದಲ್ಲಿ ಅದರ ಹೊಳಪೂ ಹೋಗುತ್ತದೆ. ನಮ್ಮ ಬಾಗಿಲ ಮುಂದೆ ಅಂಗೈಯಗಲದ ಮಂಕು ಕಲೆ ಈಗಲೂ ಇದೆ.

ಮೂರನೆಯದು ಪಾಲಿಶ್ ಕಲೆ. ಒಂದು ಸಲ ಒಂದು ವಾಷಿಂಗ್ ಸೆಂಟರಿನಲ್ಲಿ ಬಾಡಿಗೆ ರಬ್ಬಿಂಗ್ ಪಾಲಿಶ್ ಮಾಡಿಸಿದೆ. ಅವರು ಪ್ಲಾಸ್ಟಿಕ್ ಭಾಗಕ್ಕೆ ಟೇಪ್ ಅಂಟಿಸಲಿಲ್ಲ. ಸೈಡ್ ಮೋಲ್ಡಿಂಗ್ ಉದ್ದಕ್ಕೂ ಬಿಳಿ ಗೆರೆ ಉಳಿಯಿತು, ಎಷ್ಟು ತೊಳೆದರೂ ಹೋಗಲಿಲ್ಲ. ಕೊನೆಗೆ ಮಕ್ಕಳ ಪೆನ್ಸಿಲ್ ರಬ್ಬರ್ ತಂದು ಉಜ್ಜಿದೆ, ಹೋಯಿತು. ಮೆಲಮೈನ್ ಸ್ಪಂಜ್ ಇದ್ದರೆ ಇನ್ನೂ ಸುಲಭ, ಮೆಲ್ಲಗೆ ಉಜ್ಜಬೇಕು ಅಷ್ಟೇ. ನೀವು ಬಾಡಿ ಪಾಲಿಶ್ ಮಾಡಿಸುವಾಗ ಟೇಪ್ ಹಾಕಿದ್ದಾರಾ ಅಂತ ನಿಂತು ನೋಡಿ.

ಎಲ್ಲ ಆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಅರ್ಧ ನೀರು ಬೆರೆಸಿ ಕೊನೆಯ ಸಲ ಒರೆಸಿ. ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಇದು ಉಳಿದ ಜಿಡ್ಡನ್ನು ತೆಗೆಯುತ್ತದೆ. ಜಿಡ್ಡಿನ ಮೇಲೆ ಡೈಯೂ ಹಿಡಿಯಲ್ಲ, ಕೋಟಿಂಗೂ ಹಿಡಿಯಲ್ಲ.

ಅಡುಗೆಮನೆಯ ಎಣ್ಣೆ, ಡೀಸೆಲ್, ಬೂಟ್ ಪಾಲಿಶ್

ಖರ್ಚಿಲ್ಲದ ದಾರಿಗಳನ್ನು ಮೊದಲು ನೋಡೋಣ, ಏಕೆಂದರೆ ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಕೊಬ್ಬರಿ ಎಣ್ಣೆ ಹಚ್ಚಿದರೆ ಎರಡು ದಿನ ಕಪ್ಪು, ಆಮೇಲೆ ಧೂಳು ಕುಡಿದು ಇನ್ನೂ ಕೊಳಕು. ತೊಗರಿ ರಾಶಿಯ ಕಾಲದಲ್ಲಿ ಹಳ್ಳಿಗೆ ಹೋಗಿ ಬಂದರೆ ಹೊಟ್ಟೆಲ್ಲ ಬಂಪರಿಗೇ ಅಂಟಿರುತ್ತದೆ. ಕುಸುಬೆ ಎಣ್ಣೆ ಅದಕ್ಕಿಂತ ಕೆಟ್ಟದ್ದು. ಅದು ಗಾಳಿ, ಬಿಸಿಲಿಗೆ ಒಣಗಿ ಅಂಟಾಗುವ ಎಣ್ಣೆ, ಹಿಂದೆ ಪೇಂಟಿಗೂ ಬಳಸುತ್ತಿದ್ದರು. ಬಾಣಲೆ ಅಂಚಿನಲ್ಲಿ ಕೂರುವ ಆ ಹಳದಿ ಅಂಟು ಬಂಪರಿನ ತರಿಗಳಲ್ಲಿ ಕೂತರೆ ತೆಗೆಯಲು ಒಂದು ದಿನ ಬೇಕು.

ಡೀಸೆಲ್, ಹಳೇ ಎಂಜಿನ್ ಆಯಿಲ್ ಒರೆಸುವವರನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ, ದಯವಿಟ್ಟು ಬೇಡ. ಬೀಡಿಂಗಿನ ಇಪಿಡಿಎಮ್ ರಬ್ಬರ್ ಬಿಸಿಲು, ಮಳೆ ತಡೆಯುತ್ತದೆ, ಆದರೆ ಪೆಟ್ರೋಲಿಯಂ ಎಣ್ಣೆಗೆ ತಡೆಯಲ್ಲ. ಉಬ್ಬುತ್ತದೆ, ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಬಾಗಿಲೊಳಗೆ ನೀರು ಬರುತ್ತದೆ. ಬೂಟ್ ಪಾಲಿಶ್ ಮೇಣ. ಮೇ ತಿಂಗಳಲ್ಲಿ ಕರಗಿ ಪ್ಯಾಂಟಿಗೆ ಬರುತ್ತದೆ.

ಸಿಲಿಕೋನ್ ಪಾಲಿಶ್

ಅಂಗಡಿಯವರು ಕೊಡುವ ಡಬ್ಬಿ ಸಾಮಾನ್ಯವಾಗಿ ಇದೇ. ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಶೈನ್, ಟ್ರಿಮ್ ಡ್ರೆಸ್ಸಿಂಗ್, ಹೆಸರು ಬೇರೆ ಬೇರೆ, ಒಳಗೆ ಸಿಲಿಕೋನ್ ಎಣ್ಣೆ. ಎರಡು ಬಗೆ ಇವೆ. ಹಾಲಿನ ಹಾಗೆ ಬೆಳ್ಳಗಿರುವುದು ನೀರಿನಲ್ಲಿ ಬೆರೆಸಿದ್ದು, ಹಚ್ಚಿದರೆ ಮಂದ ಹೊಳಪು ಬರುತ್ತದೆ, ಜಿಡ್ಡು ಕಡಿಮೆ. ತಿಳಿಯಾಗಿ ಗಟ್ಟಿ ವಾಸನೆ ಬರುವುದು ಸಾಲ್ವೆಂಟ್‌ನಲ್ಲಿ ಬೆರೆಸಿದ್ದು, ಮಿರಿಮಿರಿ ಹೊಳೆಯುತ್ತದೆ, ಧೂಳನ್ನು ಎಳೆದುಕೊಳ್ಳುತ್ತದೆ. ಇದರಲ್ಲಿ ಒಂದು ತೆಗೆದುಕೊಳ್ಳಲೇಬೇಕು ಅಂದರೆ ಬೆಳ್ಳಗಿನದು ತೆಗೆದುಕೊಳ್ಳಿ.

ನನ್ನ ಬಂಪರಿನ ಸಿಲಿಕೋನ್ ಪಾಲು ಜನವರಿಯಲ್ಲಿ ಎರಡು ವಾರ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಮತ್ತೆ ಹಚ್ಚಿದಾಗ ಐದಾರು ದಿನ. ಜೂನ್‌ನಲ್ಲಿ ಮೊದಲ ಜೋರು ಮಳೆಗೆ ಹರಿದುಹೋಯಿತು, ಬಾಡಿ ಮೇಲೆ ಜಿಡ್ಡಿನ ಗೆರೆ ಬೇರೆ ಬಿಟ್ಟಿತು. 300 ರೂಪಾಯಿಯ ಡಬ್ಬಿ ಅಗ್ಗ ಅನಿಸುತ್ತದೆ. ವರ್ಷಕ್ಕೆ ಎಷ್ಟು ಡಬ್ಬಿ, ಎಷ್ಟು ಭಾನುವಾರ ಅಂತ ಲೆಕ್ಕ ಹಾಕಿ ನೋಡಿ.

ಹಾಗಂತ ಇದು ಕೆಟ್ಟ ವಸ್ತು ಅಲ್ಲ. ರಬ್ಬರ್ ಬೀಡಿಂಗಿಗೆ ಇದೇ ಸರಿ. ಸಿಲಿಕೋನ್ ಆ ರಬ್ಬರಿಗೆ ಕೇಡು ಮಾಡಲ್ಲ, ಮೆತ್ತಗೆ ಇಡುತ್ತದೆ. ಬಟ್ಟೆಗೆ ಹಾಕಿಕೊಂಡು ತೆಳ್ಳಗೆ ಒರೆಸಿ, ನೇರ ಸ್ಪ್ರೇ ಮಾಡಬೇಡಿ. ಮುಂದಿನ ಗಾಜಿಗೆ ಹಾರಿದರೆ ಮಳೆಯಲ್ಲಿ ವೈಪರ್ ಓಡಿದಾಗ ಗಾಜು ಮಬ್ಬಾಗುತ್ತದೆ. ಬ್ರೇಕ್ ಡಿಸ್ಕಿಗೆ ತಾಗಿದರಂತೂ ಜೀವಕ್ಕೇ ಅಪಾಯ.

ಇನ್ನೊಂದು ಮಾತು. ಮುಂದೆ ಪೇಂಟ್ ಮಾಡಿಸುವ ಯೋಚನೆ ಇದ್ದರೆ ಆ ಭಾಗಕ್ಕೆ ಸಿಲಿಕೋನ್ ಮುಟ್ಟಿಸಲೇಬೇಡಿ. ಚೂರು ಉಳಿದರೂ ಪೇಂಟ್ ಅಲ್ಲಲ್ಲಿ ಸರಿದು ಗುಂಡಗಿನ ಕುಳಿ ಬೀಳುತ್ತವೆ. ಪೇಂಟರ್‌ಗಳು ಇದನ್ನು ಫಿಶ್ ಐ ಅನ್ನುತ್ತಾರೆ. ಅದು ಬಂತು ಅಂದರೆ ಮತ್ತೆ ಮೊದಲಿಂದ ಉಜ್ಜಬೇಕು.

ಹೀಟ್ ಗನ್

ವಿಡಿಯೊಗಳಲ್ಲಿ ಇದನ್ನು ನೋಡಿದರೆ ಮಾಯೆಯ ಹಾಗಿರುತ್ತದೆ. ಬಿಸಿಗಾಳಿ ಹೋದ ಕಡೆಯೆಲ್ಲ ಬೂದು ಕಪ್ಪಾಗುತ್ತಾ ಹೋಗುತ್ತದೆ. ಸುಳ್ಳಲ್ಲ, ಆಗುತ್ತದೆ. ಮೇಲ್ಪದರ ಕರಗಿ ಬಿರುಕು ಮುಚ್ಚಿಕೊಳ್ಳುತ್ತವೆ, ಅದಕ್ಕೇ ಕಪ್ಪು. ಆದರೆ ಹೊಸದಾಗಿ ಏನನ್ನೂ ಸೇರಿಸಿಲ್ಲ ನೋಡಿ. ಬಿಸಿಲು ತಡೆಯುವ ಶಕ್ತಿ ಮೊದಲಷ್ಟೂ ಇಲ್ಲ. ಆ ಪದರ ಮತ್ತೆ ಬಿರಿಯುತ್ತದೆ.

ಇನ್ನು ಅಪಾಯ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಎಬಿಎಸ್ ಅನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್ 100ರ ಆಸುಪಾಸಿಗೇ ಮೆತ್ತಗಾಗುತ್ತದೆ. ಗನ್ನಿನ ಬಾಯಲ್ಲಿ ಬರುವ ಗಾಳಿ 300ರಿಂದ 600 ಡಿಗ್ರಿ. ಕೈ ಎರಡು ಸೆಕೆಂಡ್ ನಿಂತರೆ ತರಿಗಳೆಲ್ಲ ಕರಗಿ ನುಣ್ಣಗಾಗುತ್ತವೆ, ಆ ಜಾಗ ಕನ್ನಡಿಯಂತೆ ಮಿಂಚುತ್ತದೆ, ಅದನ್ನು ಸರಿಮಾಡಲು ದಾರಿಯೇ ಇಲ್ಲ. ನಾನು ಸ್ವಂತ ಗಾಡಿಗೆ ಧೈರ್ಯ ಮಾಡಲಿಲ್ಲ. ಗುಜರಿಯಿಂದ ಒಡೆದ ಬಂಪರ್ ತುಂಡು ತಂದು ಮಾಡಿದೆ. ಮೊದಲ ಹತ್ತು ನಿಮಿಷದಲ್ಲೇ ಎರಡು ಕಡೆ ಹೀಗೆ ನುಣ್ಣಗಾಯಿತು, ಒಂದು ಮೂಲೆ ಸೊಟ್ಟಗಾಯಿತು. ಸರಿಯಾಗಿ ಬಂದ ಭಾಗವನ್ನು ಮಾಳಿಗೆ ಮೇಲೆ ಬಿಸಿಲಿಗಿಟ್ಟಿದ್ದೆ, ಒಂದು ಬೇಸಿಗೆಯಲ್ಲೇ ಮತ್ತೆ ಬೂದು.

ನನ್ನ ಪ್ರಕಾರ ಇದು ಮಾರುವ ಗಾಡಿಗೆ ಮಾಡುವ ಕೆಲಸ. ಇಟ್ಟುಕೊಳ್ಳುವ ಗಾಡಿಗೆ ಬೇಡ.

ಡೈ ಮತ್ತು ಕೋಟಿಂಗ್: ಇವೆರಡು ಒಂದೇ ಅಲ್ಲ

ಅಂಗಡಿಯಲ್ಲಿ ಎರಡಕ್ಕೂ ಟ್ರಿಮ್ ರಿಸ್ಟೋರರ್ ಅಂತಲೇ ಹೇಳುತ್ತಾರೆ. ಗೊಂದಲ ಇಲ್ಲಿಂದಲೇ ಶುರು.

ಡೈ ಇರುವ ಬಗೆಯಲ್ಲಿ ಕಪ್ಪು ಬಣ್ಣವೇ ಇರುತ್ತದೆ. ಬಾಟಲಿ ಅಲ್ಲಾಡಿಸಿದರೆ ಮಸಿ ಹಾಗೆ ಕಪ್ಪು ದ್ರವ. ಸೊಲ್ಯೂಷನ್ ಫಿನಿಶ್ ಅನ್ನುವುದು ಈ ಬಗೆಗೆ ಹೆಸರಾದದ್ದು. ಅದು ಬಿರುಕುಗಳ ಒಳಗೆ ಇಳಿದು ಸತ್ತ ಮೇಲ್ಪದರಕ್ಕೇ ಕಪ್ಪು ಹಿಡಿಸುತ್ತದೆ. ಸೆರಾಮಿಕ್ ಕೋಟಿಂಗ್ ಬಗೆ ಪಾರದರ್ಶಕ. ಸೆರಾಕೋಟ್ ಕಂಪನಿಯ ಟ್ರಿಮ್ ಕಿಟ್ಟಿನಲ್ಲಿ ಒದ್ದೆ ಕರವಸ್ತ್ರದಂಥ ತುಂಡುಗಳು ಇರುತ್ತವೆ, ಕೆಲವು ಕಂಪನಿಗಳದು ಸಣ್ಣ ಬಾಟಲಿಯಲ್ಲಿ ಬರುತ್ತದೆ. ಹಚ್ಚಿದ ಮೇಲೆ ಗಟ್ಟಿಯಾಗಿ ಗಾಜಿನಂಥ ತೆಳು ಪದರ ಆಗುತ್ತದೆ. ಬಿರುಕು ತುಂಬುತ್ತದೆ, ನೀರು ನಿಲ್ಲಲ್ಲ, ಧೂಳು ಅಂಟಲ್ಲ. ಆದರೆ ತಾನಾಗಿ ಕಪ್ಪು ಕೊಡಲ್ಲ, ಇರುವ ಕಪ್ಪನ್ನು ಹೊರಗೆ ತೋರಿಸುತ್ತದೆ.

ನಮ್ಮ ಮನೆಯಲ್ಲಿ ಒಂದು ಬಿದರಿ ಹೂಜಿ ಇದೆ. ಬಿದರಿಯ ಕಪ್ಪು ಹೇಗೆ ಬರುತ್ತದೆ ಗೊತ್ತಲ್ವಾ? ಸತುವಿನ ಮಿಶ್ರಲೋಹಕ್ಕೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲೆಸಿದ ದ್ರಾವಣ ತಾಗಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಒರೆಸುತ್ತಾರೆ, ಕಪ್ಪಿಗೆ ಆಳ ಬರುತ್ತದೆ. ಆ ಹೂಜಿ ಒರೆಸುತ್ತಾ ಇದ್ದಾಗಲೇ ನನಗೆ ಹೊಳೆದದ್ದು. ಎಣ್ಣೆ ಕಪ್ಪನ್ನು ತೋರಿಸುತ್ತದೆ, ಹುಟ್ಟಿಸುವುದಿಲ್ಲ. ಬಂಪರಿನ ಮೇಲಿನ ಅಂಚಿನಲ್ಲಿ ಮೇಲ್ಪದರವೇ ಸತ್ತಿತ್ತು, ನಾನು ಮೂರು ವರ್ಷ ಬರೀ ಎಣ್ಣೆ ಒರೆಸುತ್ತಿದ್ದೆ.

ಪರೀಕ್ಷೆ ಏನು ಹೇಳಿತು ಅಂದರೆ, ಹಚ್ಚಿದ ದಿನ ಡೈ ಪಾಲು ಮತ್ತು ಕೋಟಿಂಗ್ ಪಾಲು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಮೇಲಿನ ಅಂಚಿನಲ್ಲಿ ಮಾತ್ರ ಕೋಟಿಂಗಿನ ಕೆಳಗೆ ಬೂದು ಇಣುಕುತ್ತಿತ್ತು. ಏಪ್ರಿಲ್ ಮುಗಿಯುವಾಗ ಡೈ ಪಾಲು ಸ್ವಲ್ಪ ಮಂಕಾಗಿತ್ತು, ಆದರೆ ಕಪ್ಪೇ. ಕೋಟಿಂಗ್ ಪಾಲಿನ ನೇರ ಮುಖ ಡೈಗಿಂತ ಚೆನ್ನಾಗಿತ್ತು, ಧೂಳು ಒರೆಸಿದರೆ ಹೋಗುತ್ತಿತ್ತು, ನೀರು ಹಾಕಿದರೆ ಮುತ್ತಾಗುತ್ತಿತ್ತು. ಸೆಪ್ಟೆಂಬರ್ ಮಳೆ ಮುಗಿದ ಮೇಲೆ ನೋಡಿದಾಗ ಮುತ್ತಾಗುವುದು ಕಡಿಮೆಯಾಗಿತ್ತು, ಕಪ್ಪು ಉಳಿದಿತ್ತು. ಬರೀ ತೊಳೆದು ಬಿಟ್ಟ ನಾಲ್ಕನೇ ಪಾಲು ಪಕ್ಕದಲ್ಲೇ ಇದ್ದುದರಿಂದ ವ್ಯತ್ಯಾಸ ಯಾರಿಗೆ ಬೇಕಾದರೂ ಕಾಣುತ್ತಿತ್ತು.

ಆಮೇಲೆ ನಾನು ಮಾಡಿದ್ದು ಎರಡನ್ನೂ ಜೋಡಿಸುವುದು. ಪೂರ್ತಿ ಬಂಪರ್ ಮತ್ತೆ ತೊಳೆದು ಮೊದಲು ಡೈ, ಎರಡು ದಿನ ಬಿಟ್ಟು ಅದರ ಮೇಲೆ ಕೋಟಿಂಗ್. ಎಲ್ಲ ಸೇರಿ ನನಗೆ 2,600 ರೂಪಾಯಿ ಬಿತ್ತು. ಡೈ ಬಾಟಲಿ ಇನ್ನೂ ಅರ್ಧ ಉಳಿದಿದೆ. ಜೋಡಿಸುವ ಮುಂಚೆ ಮರೆಯಲ್ಲಿರುವ ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಕೆಲವು ಕೋಟಿಂಗಿನ ಸಾಲ್ವೆಂಟ್ ಡೈಯನ್ನು ಎಬ್ಬಿಸುತ್ತದೆ, ಬಟ್ಟೆಗೆ ಕಪ್ಪು ಬರುತ್ತದೆ. ಹಾಗಾದರೆ ಯಾವುದಾದರೂ ಒಂದೇ ಸಾಕು.

ಹಚ್ಚುವಾಗ ನೆನಪಿಡಬೇಕಾದ್ದು ಕಡಿಮೆ, ಆದರೆ ಒಂದೂ ಬಿಡುವಂತಿಲ್ಲ. ಬಾಡಿ ಬಣ್ಣಕ್ಕೆ ಟೇಪ್ ಅಂಟಿಸಿ, ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ, ಡೈ ಉಗುರಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಒಂದು ಸಲಕ್ಕೆ ಒಂದು ಅಡಿ ಜಾಗ ಮಾತ್ರ. ಕೋಟಿಂಗ್ ಹಚ್ಚಿ ಒಂದೆರಡು ನಿಮಿಷದಲ್ಲಿ ಜಾಸ್ತಿಯಾದದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಗೆರೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಒಂದು ದಿನವಾದರೂ ನೀರು ತಾಗಬಾರದು, ಎರಡು ದಿನ ಆದರೆ ಒಳ್ಳೇದು.

ಮತ್ತೆ ಯಾವ ತಿಂಗಳು ಅನ್ನುವುದು ನಮ್ಮ ಊರಲ್ಲಿ ತುಂಬಾ ಮುಖ್ಯ. ಬೇಸಿಗೆಯಲ್ಲಿ ಬಂಪರ್ ಕೈ ಇಡಲಾಗದಷ್ಟು ಕಾಯುತ್ತದೆ, ಹಚ್ಚಿದ್ದು ಒರೆಸುವ ಮುಂಚೆಯೇ ಆರಿ ಪಟ್ಟಿ ಪಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಎರಡು ದಿನ ಒಣಗಿರುವ ಭರವಸೆ ಇಲ್ಲ. ಡಿಸೆಂಬರ್, ಜನವರಿ ಬೆಳಿಗ್ಗೆ, ನೆರಳಲ್ಲಿ, ಪ್ಲಾಸ್ಟಿಕ್ ಕೈಗೆ ತಣ್ಣಗಿರುವಾಗ ಮಾಡಿ. ನೆರಳು ಅಂತ ಬೇವಿನ ಮರದ ಕೆಳಗೆ ಮಾತ್ರ ಮಾಡಬೇಡಿ, ಎಲೆ ಮತ್ತು ಹಕ್ಕಿ ಹಿಕ್ಕೆ ಒದ್ದೆ ಕೋಟಿಂಗ್ ಮೇಲೆಯೇ ಬೀಳುತ್ತವೆ.

ಪೇಂಟ್

ವೈಪರ್ ತೋಳು, ಕಬ್ಬಿಣದ ಚೌಕಟ್ಟು ಇವಕ್ಕೆ ಬೇರೆ ಮಾತೇ ಇಲ್ಲ, ಪೇಂಟೇ. ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ಮ್ಯಾಟ್ ಬ್ಲ್ಯಾಕ್ ಸ್ಪ್ರೇ ಮೂರು ತೆಳು ಪದರ. ಒಂದೇ ದಪ್ಪ ಪದರ ಹೊಡೆದರೆ ಸೋರುತ್ತದೆ. ವೈಪರ್ ತೋಳನ್ನು ಕಳಚಿ ಹೊಡೆದರೆ ಒಂದು ಸಂಜೆಯ ಕೆಲಸ, ಇಡೀ ಗಾಡಿಯ ಮುಖ ಬದಲಾಗುತ್ತದೆ. ನನ್ನ ಮಟ್ಟಿಗೆ ಕೊಟ್ಟ ದುಡ್ಡಿಗೆ ಹೆಚ್ಚು ಕಣ್ಣಿಗೆ ಕಾಣುವ ಕೆಲಸ ಇದೇ.

ಪ್ಲಾಸ್ಟಿಕ್ ಬಂಪರಿನ ವಿಷಯ ಬೇರೆ. ಪಾಲಿಪ್ರೊಪಿಲೀನಿಗೆ ಏನೂ ಸುಲಭಕ್ಕೆ ಅಂಟುವುದಿಲ್ಲ. ಮೊಸರಿನ ಡಬ್ಬಿಯ ಮೇಲೆ ಹಚ್ಚಿದ ಗೋಂದು ಹೇಗೆ ಎದ್ದು ಬರುತ್ತದೋ ಹಾಗೆ ಪೇಂಟೂ ಎದ್ದು ಬರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಪ್ರೈಮರ್, ಅಂದರೆ ಅಡ್ಹೀಶನ್ ಪ್ರೊಮೋಟರ್, ಮೊದಲು ಹೊಡೆಯಲೇಬೇಕು. ಪೇಂಟರ್ ‘ಬೇಕಾಗಿಲ್ಲ ಸಾರ್’ ಅಂದರೆ ಬೇರೆಯವರನ್ನು ನೋಡಿ. ಚೆನ್ನಾಗಿ ಮಾಡಿದ ಪೇಂಟ್ ಎಲ್ಲಕ್ಕಿಂತ ಜಾಸ್ತಿ ವರ್ಷ ನಿಲ್ಲುತ್ತದೆ. ಸರಿಯಾಗಿ ಮಾಡದಿದ್ದರೆ ಎಲ್ಲಕ್ಕಿಂತ ಅಸಹ್ಯ. ಬೂದು ಬಂಪರನ್ನು ಯಾವಾಗ ಬೇಕಾದರೂ ಸರಿಮಾಡಬಹುದು, ಸಿಪ್ಪೆ ಸಿಪ್ಪೆಯಾಗಿ ಎದ್ದ ಪೇಂಟನ್ನು ತರಿಗಳೊಳಗಿಂದ ತೆಗೆಯುವುದು ಯಾರಿಗೂ ಬೇಡ. ಅದಕ್ಕೇ ನಾನು ಪೇಂಟನ್ನು ಕೊನೆಗೆ ಇಟ್ಟಿದ್ದೇನೆ. ಒದ್ದೆ ಬಟ್ಟೆ ಪರೀಕ್ಷೆಯಲ್ಲಿ ಪೂರ್ತಿ ಸೋತು, ಡೈ ಕೂಡ ಹಿಡಿಯದೆ, ಗೀರು ತುಂಬಾ ಇದ್ದರೆ ಆಗ ಪೇಂಟ್.

ಸ್ಟಿಕ್ಕರ್ ಕಂಬಕ್ಕೆ ಹಳೇದನ್ನು ಕಿತ್ತು ಹೊಸ ಕಪ್ಪು ವಿನೈಲ್ ಅಂಟಿಸಿದರೆ ಮುಗಿಯಿತು. ತರಿ ಇರುವ ಪ್ಲಾಸ್ಟಿಕ್ ಮೇಲೆ ವಿನೈಲ್ ನಿಲ್ಲಲ್ಲ.

ಬದಲಿಸುವುದು

ವೈಪರ್ ಕೆಳಗಿನ ಜಾಲರಿಯ ಬಗ್ಗೆ ಒಂದು ಮಾತು. ಇಡೀ ಗಾಡಿಯಲ್ಲಿ ಜಾಸ್ತಿ ಬಿಸಿಲು ತಿನ್ನುವುದು ಅದೇ, ಮಲಗಿದ ಹಾಗಿರುತ್ತದೆ, ಮೇಲೆ ಗಾಜಿನ ಕಾವು, ಕೆಳಗೆ ಎಂಜಿನ್ ಕಾವು. 15 ವರ್ಷದ ಗಾಡಿಯಲ್ಲಿ ಅದು ಮುಟ್ಟಿದರೆ ಮುರಿಯುವಷ್ಟು ಗರಿಗರಿ ಆಗಿರುತ್ತದೆ. ಅದಕ್ಕೆ ಡೈ ಹಚ್ಚುತ್ತಾ ಕೂರುವುದಕ್ಕಿಂತ ಬಿಡಿಭಾಗದ ಅಂಗಡಿಯಲ್ಲಿ ಒಂದು ಸಲ ಬೆಲೆ ಕೇಳಿ. ಸಣ್ಣ ಗಾಡಿಗಳಿಗೆ ಎಷ್ಟೋ ಸಲ ಡೈ ಬಾಟಲಿಗಿಂತ ಅಗ್ಗ ಇರುತ್ತದೆ. ಬಾಗಿಲ ಹಿಡಿಕೆ, ಕನ್ನಡಿಯ ಮುಚ್ಚಳಕ್ಕೂ ಇದೇ ಲೆಕ್ಕ. ತೆಗೆಯುವಾಗ ಕ್ಲಿಪ್ ಮುರಿಯುತ್ತವೆ, ಹೊಸ ಕ್ಲಿಪ್ ಜೊತೆಗೇ ತೆಗೆದುಕೊಳ್ಳಿ. ಹೊಸದು ಹಾಕಿದ ದಿನವೇ ಕೋಟಿಂಗ್ ಹಚ್ಚಿಬಿಡಿ, ಬೂದಾಗಲು ಶುರುವಾಗುವ ಮುಂಚೆ. ಅಲ್ಲಿ ಡೈ ಬೇಕಾಗಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಗಾಡಿ ಮುಂದಿನ ತಿಂಗಳು ಮಾರುವವರು ಚೆನ್ನಾಗಿ ತೊಳೆದು ನೀರಿನ ಬಗೆಯ ಡ್ರೆಸ್ಸಿಂಗ್ ಹಚ್ಚಿ, ಸಾಕು. ಐದಾರು ವರ್ಷದ ಗಾಡಿ, ಇನ್ನೂ ತೆಳು ಬೂದು, ಒದ್ದೆ ಮಾಡಿದರೆ ಕಪ್ಪಾಗುತ್ತದೆ ಅನ್ನುವವರು ನೇರ ಸೆರಾಮಿಕ್ ಕೋಟಿಂಗಿಗೆ ಹೋಗಿ, ಇದಕ್ಕಿಂತ ಒಳ್ಳೆಯ ಸಮಯ ಬರಲ್ಲ. ಹತ್ತು ವರ್ಷ ದಾಟಿದ, ಬಯಲಲ್ಲೇ ನಿಲ್ಲುವ ಗಾಡಿಗೆ ಮೊದಲು ಡೈ. ಮೈ ತುಂಬ ಕಪ್ಪು ಪ್ಲಾಸ್ಟಿಕ್ ಇರುವ ಬೊಲೆರೊದಂಥ ಗಾಡಿ ಇದ್ದವರು ಎಲ್ಲ ಒಂದೇ ದಿನ ಮಾಡಲು ಹೋಗಬೇಡಿ, ತೊಳೆಯುವುದರಲ್ಲೇ ಸೋತುಹೋಗುತ್ತೀರಿ. ಒಂದು ಭಾನುವಾರ ಒಂದು ಬದಿ ಮಾಡಿ.

ಕೈಯಲ್ಲಿ 500 ರೂಪಾಯಿ ಮಾತ್ರ ಇದ್ದರೆ ಡಬ್ಬಿ ಬೇಡ. ಒಂದು ಬ್ರಷ್, ವಿನೆಗರ್, ಒಂದು ಮ್ಯಾಟ್ ಬ್ಲ್ಯಾಕ್ ಸ್ಪ್ರೇ ತಂದು ಬಂಪರ್ ಚೆನ್ನಾಗಿ ತೊಳೆದು, ವೈಪರ್ ತೋಳಿಗೆ ಪೇಂಟ್ ಹೊಡೆಯಿರಿ. ಉಳಿದದ್ದು ಮುಂದಿನ ಚಳಿಗಾಲಕ್ಕೆ.

ಡೈ ಮತ್ತು ಕೋಟಿಂಗ್ ಎರಡೂ ಹಚ್ಚಿದ ನಮ್ಮ ಬಂಪರ್ ಈಗ ಎರಡನೇ ಬೇಸಿಗೆ ದಾಟಿದೆ. ನೇರ ಮುಖ ಹಾಗೇ ಇದೆ. ಮೇಲಿನ ಅಂಚಿನಲ್ಲಿ ಎರಡು ಬೆರಳಗಲ ಸ್ವಲ್ಪ ಮಂಕಾಗಿದೆ, ಅದಕ್ಕೆ ಉಳಿದ ಅರ್ಧ ಬಾಟಲಿ ಡೈ ಇದೆ. ಡಿಸೆಂಬರ್ ಬರಲಿ ಅಂತ ಕಾಯುತ್ತಿದ್ದೇನೆ. ಈಗ ಮನೆ ಗೇಟಿನೊಳಗೆ ಬಂಪರಿನ ಕಡೆಗೆ ಬಿಸಿಲು ಬೀಳದ ಹಾಗೆ ಗಾಡಿಯನ್ನು ಹಿಂದುಮುಂದಾಗಿ ನಿಲ್ಲಿಸುತ್ತಾರೆ ಅಪ್ಪ.